ಬರಿಯ ಮೊಳೆ

ಕಂಪೈಲರ್ ಎಂಬ ತಂತ್ರಾಂಶ ಕಟ್ಟಿಕೊಟ್ಟ ಒಂದು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ, ಒಬ್ಬೊಬ್ಬಳು ಒಂದೊಂದು ಕೆಲಸ ಮಾಡುವ ಫಂಕ್ಷನ್‌ಗಳ ಮನೆತನವೊಂದಿತ್ತು. ಕೆಲಸಕ್ಕೆ ಹೋಗುವವಳು ತನ್ನನ್ನು ಕರೆದವಳ ಹೆಸರಿನ ಚೀಟಿಯನ್ನು ಬಾಗಿಲ ಮೊಳೆಗೆ ಚುಚ್ಚಿ ಒಳಗೆ ಹೋಗಬೇಕು, ಮರಳುವಾಗ ಹರಿದು ಬಿಸಾಡಬೇಕು. ಮರಳಿದ ಮೇಲೆ ಒಳಗಿನದೇನೂ ಅವರಿಗೆ ನೆನಪಿರುತ್ತಿರಲಿಲ್ಲ.

ನಡೆದದ್ದನ್ನೆಲ್ಲ ಲಾಗ್ ಎಂಬ ದಾಖಲೆಯಲ್ಲಿ ಬರೆಯುವ ಗುಮಾಸ್ತ, ಮನೆಯ ಯಜಮಾನಿ ಹಿರಿಯಕ್ಕನಿಗೆ ಹೇಳಿದ: "ಅಕ್ಕಾ, ಯಾರಾದರೂ ಬಿದ್ದರೆ ಎಲ್ಲರೂ ನಿಂತಲ್ಲೇ ನಿಲ್ಲಲಿ. ಮೊಳೆಯ ಚೀಟಿಗಳನ್ನು ನಕಲು ಮಾಡಿಕೊಳ್ಳುತ್ತೇನೆ. ಒಂದು ಕ್ಷಣ ಸಾಕು."

"ನಮ್ಮದು ವೇಗಕ್ಕೆ ಹೆಸರಾದ ಮನೆ. ಆ ಕ್ಷಣವೂ ದಂಡ," ಎಂದಳು ಹಿರಿಯಕ್ಕ.

ಒಂದು ದಿನ ಭಾಗಾಕಾರ ಮಾಡುವ ಭಾಗವ್ವ, ಯಾರೋ ಕರೆದು ಕೈಗಿತ್ತ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರಾಣ ಬಿಟ್ಟಳು. ಒಳಗಿದ್ದ ಉಳಿದವರು ಹೆದರಿ ಹೊರಗೋಡಿ ಬಂದರು. ಬರುತ್ತ, ಕೈಯ ರೂಢಿಯಂತೆ, ಚೀಟಿಗಳನ್ನೆಲ್ಲ ಹರಿದರು.

"ನನ್ನ ಕೂಸಿಗೆ ಆ ಸೊನ್ನೆ ಕೊಟ್ಟವರಾರು?" ಹಿರಿಯಕ್ಕ ಒಬ್ಬೊಬ್ಬರ ಮುಖ ಹಿಡಿದು ಕೇಳಿದಳು. ಯಾರಿಗೂ ನೆನಪಿರಲಿಲ್ಲ. ಗುಮಾಸ್ತ ಬರೆದ: 'ಭಾಗವ್ವ ಸತ್ತಳು. ಕರೆದವರು ಗೊತ್ತಿಲ್ಲ.'

ಮರುದಿನ ಅದೇ ಕೆಲಸ ಬಂತು. ಈ ಸಲ ಹೊರಟವಳು ಭಾಗವ್ವನ ತಂಗಿ.

"ಯಾರ ವಿಷಯದಲ್ಲಿ ಜೋಪಾನವಾಗಿರಲಿ ಅಕ್ಕಾ?" ಎಂದು ಅವಳು ಕೇಳಿದಳು.

ಹಿರಿಯಕ್ಕ ಬರಿಯ ಮೊಳೆಯನ್ನೇ ನೋಡುತ್ತ ನಿಂತಳು.