ತಾನೇ ಓಡುವ ಸಾರಿನ ಗಾಡಿ

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅದರ ಹಿಂದೆ ತಗಡಿನ ಶೆಡ್ಡು. ಆ ಶೆಡ್ಡಿನಲ್ಲಿ ಮಾಯಣ್ಣ ಮೇಷ್ಟ್ರು ಪಾಠ ಹೇಳುತ್ತಿದ್ದರು.

ಹಿಂದೆ ಅವರು ಗಡಿಯಾರದ ಕಾರ್ಖಾನೆಯೊಂದರಲ್ಲಿ ದುಡಿದವರು. ಈಗ ವರ್ಷಕ್ಕೆ ಇಬ್ಬರೋ ಮೂವರೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂದು ಅವರ ಬಳಿ ಇರುತ್ತಿದ್ದರು. ಯಾರೂ ನಡೆಸದೆ ತಾವೇ ನಡೆಯುವ ರೋಬೋಟುಗಳನ್ನು ಕಟ್ಟುವುದು ಅವರ ಕಲಿಕೆ. ಮೇಷ್ಟ್ರು ಹೇಳಿಕೊಡುತ್ತಿದ್ದುದು ಕಡಿಮೆ. ಸುಮ್ಮನೆ ನೋಡುತ್ತ ಕೂರುತ್ತಿದ್ದುದೇ ಹೆಚ್ಚು.

ಆ ವರ್ಷ ಬಂದವರು ಇಬ್ಬರು, ಇಂಚರ ಮತ್ತು ಮುಬಾರಕ್. ಇಂಚರ ಒಂದನೇ ಕ್ಲಾಸಿನಿಂದಲೂ ಮೊದಲ ಸ್ಥಾನ ಬಿಟ್ಟುಕೊಡದ ಹುಡುಗಿ. ಮುಬಾರಕನ ಕೈ ಚುರುಕು, ಮಾತು ಕಡಿಮೆ.

ಬಂದ ದಿನ ಮಧ್ಯಾಹ್ನ ಮೇಷ್ಟ್ರು ಅವರನ್ನು ಆಶ್ರಮದ ಊಟದ ಮನೆಗೆ ಕರೆದುಕೊಂಡು ಹೋದರು. ನೂರು ಎಲೆಯ ಪಂಕ್ತಿ. ಅಡುಗೆಯ ಗೌರಕ್ಕ ಬಿಸಿ ಸಾರಿನ ಪಾತ್ರೆ ಹಿಡಿದು ಎಲೆಯಿಂದ ಎಲೆಗೆ ಬಗ್ಗಿ ಬಡಿಸುತ್ತಿದ್ದರು.

ಊಟವಾದ ಮೇಲೆ ಮೇಷ್ಟ್ರು ಕೇಳಿದರು, "ಏನು ಕಾಣಿಸಿತು?"

ಇಂಚರ ಊಟದ ಮನೆಯ ಉದ್ದಗಲ ಹೇಳಿದಳು. ಕಂಬಗಳು ಎಷ್ಟು, ಎರಡು ಸಾಲಿನ ನಡುವೆ ಜಾಗ ಎಷ್ಟು, ಎಲ್ಲ ಹೇಳಿದಳು.

"ಗೌರಕ್ಕನ ಮಣಿಕಟ್ಟು ಊದಿಕೊಂಡಿದೆ," ಎಂದ ಮುಬಾರಕ್.

"ಸರಿ. ನಿಮ್ಮ ಕೆಲಸ ಸಿಕ್ಕಿತಲ್ಲ," ಎಂದರು ಮೇಷ್ಟ್ರು.

ಎರಡು ತಿಂಗಳಲ್ಲಿ ಗಾಡಿ ಎದ್ದು ನಿಂತಿತು. ನಾಲ್ಕು ಚಕ್ರ, ಮೇಲೆ ಸಾರಿನ ಪಾತ್ರೆ, ಎದುರಿಗೆ ಕ್ಯಾಮೆರಾ. ಸಾಲಿನ ನಡುವೆ ತಾನೇ ಹೋಗಬೇಕು. ಕೂತವರ ಮುಂದೆ ತಾನೇ ನಿಲ್ಲಬೇಕು. ಗೌರಕ್ಕ ಸೌಟಿನಲ್ಲಿ ಬಡಿಸಿದ ಮೇಲೆ ತಾನೇ ಮುಂದಕ್ಕೆ ಹೊರಡಬೇಕು. ಕಟ್ಟಿದವನು ಮುಬಾರಕ್. ಅದರ ಪ್ರೋಗ್ರಾಂ ಇಂಚರಳದು.

ಖಾಲಿ ಊಟದ ಮನೆಯಲ್ಲಿ ಗಾಡಿ ಲಕ್ಷಣವಾಗಿ ಓಡಿತು. ಇಂಚರ ಮೇಷ್ಟ್ರನ್ನು ಕರೆದು ತೋರಿಸಿದಳು.

ಮೇಷ್ಟ್ರು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನೆಲದ ಮೇಲೆ ಎಸೆದರು.

ಗಾಡಿ ಟವೆಲ್ಲಿನ ಮುಂದೆ ಹೋಗಿ ನಿಂತಿತು. ಬಡಿಸಲಿ ಎಂದು ಕಾಯಿತು.

ಮುಬಾರಕ್ ನಕ್ಕುಬಿಟ್ಟ. ಇಂಚರ ನಗಲಿಲ್ಲ. ಆ ಸಂಜೆಯೇ ಗಾಡಿಗೆ ಬಟ್ಟೆಯನ್ನು ಗುರುತಿಸಲು ಕಲಿಸಿದಳು. ನೆಲದ ಮೇಲೆ ಬಟ್ಟೆ ಕಂಡರೆ ನಿಲ್ಲಬೇಡ, ಅದರ ಮೇಲೆಯೇ ಹೋಗು.

ಮಾರನೆಯ ದಿನ ಮೇಷ್ಟ್ರು ಕೊಡೆ ಇಟ್ಟರು. ಅದನ್ನೂ ಕಲಿಸಿದಳು. ಆಮೇಲೆ ಕುಂಬಳಕಾಯಿ ತಂದಿಟ್ಟರು. ಮಂಡಕ್ಕಿಯ ಚೀಲ, ಊರುಗೋಲು, ಒಂದು ದಿನ ಆಶ್ರಮದ ಬೆಕ್ಕು. ಇಂಚರಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಮುನ್ನೂರು ದಾಟಿತು.

"ಇನ್ನೂ ಎಷ್ಟು ಕಲಿಸಬೇಕು ಮೇಷ್ಟ್ರೇ?"

ಮೇಷ್ಟ್ರು ಪಟ್ಟಿಯನ್ನು ತೆಗೆದುಕೊಂಡರು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಕೊನೆಯಲ್ಲಿ ಒಂದು ಗೆರೆ ಎಳೆದರು. ಗೆರೆಯ ಮೇಲೆ ಏನೂ ಬರೆಯಲಿಲ್ಲ.

"ಇದೊಂದು ಕಲಿಸು, ಸಾಕು."

"ಇಲ್ಲಿ ಏನೂ ಇಲ್ಲವಲ್ಲ?"

"ಅದನ್ನೇ," ಎಂದು ಹೇಳಿ ಪಟ್ಟಿ ಹಿಂದಕ್ಕೆ ಕೊಟ್ಟರು.

ಇಂಚರಳಿಗೆ ಸಿಟ್ಟು ಬಂತು. ಇಷ್ಟು ದಿನ ದುಡಿದದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ, ಮೇಲೆ ಈ ಒಗಟು ಬೇರೆ. "ನೂರಕ್ಕೆ ತೊಂಬತ್ತೊಂಬತ್ತು ಸಲ ನನ್ನ ಗಾಡಿ ಎದುರಿಗೆ ಏನಿದೆ ಅಂತ ಸರಿಯಾಗಿಯೇ ಹೇಳುತ್ತೆ ಮೇಷ್ಟ್ರೇ."

"ಪಂಕ್ತಿಯಲ್ಲಿ ಎಷ್ಟು ಎಲೆ?"

"ನೂರು."

ಮೇಷ್ಟ್ರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಎದ್ದು ಹೋಗುವಾಗ ಒಂದೇ ಮಾತು ಹೇಳಿದರು. "ನಾನು ಹೇಳೋವರೆಗೂ ಗಾಡಿಯಲ್ಲಿ ತಣ್ಣೀರು ಬಿಟ್ಟು ಬೇರೇನೂ ತುಂಬಬೇಡಿ."

ಅದಾದ ನಾಲ್ಕನೆಯ ದಿನ ಮೇಷ್ಟ್ರು ಹಲ್ಲು ತೋರಿಸಲು ಪೇಟೆಗೆ ಹೋದರು. ಅವತ್ತು ಗೌರಕ್ಕನ ಕೈ ಮೇಲೇಳಲಿಲ್ಲ. ಸಾರಿನ ಪಾತ್ರೆ ಒಲೆಯ ಪಕ್ಕದಲ್ಲಿ ಹಬೆಯಾಡುತ್ತಿತ್ತು. ಜನ ಬಂದು ಕೂತಾಗಿತ್ತು.

"ಗಾಡಿ ಮೇಲೆ ಇಡೋಣ," ಎಂದಳು ಇಂಚರ.

"ಮೇಷ್ಟ್ರು ಬೇಡ ಅಂದಿದಾರೆ," ಎಂದ ಮುಬಾರಕ್.

"ಗೌರಕ್ಕನ ಕೈ ನೋಡಿದ್ಯಾ? ಮೇಷ್ಟ್ರು ಇದ್ದಿದ್ದರೆ ಅವರೇ ಹೂಂ ಅಂತಿದ್ದರು."

ಇಬ್ಬರೂ ಸೇರಿ ಪಾತ್ರೆ ಎತ್ತಿ ಗಾಡಿಯ ಮೇಲಿಟ್ಟರು.

ಗಾಡಿ ಹೊರಟಿತು. ಮೊದಲ ಎಲೆಯ ಮುಂದೆ ನಿಂತಿತು, ಎರಡನೆಯದರ ಮುಂದೆ ನಿಂತಿತು. ಜನ ಊಟ ಬಿಟ್ಟು ಅದನ್ನೇ ನೋಡಿದರು. ಗೌರಕ್ಕ ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಹಿಂದೆ ಹಿಂದೆ ನಡೆದರು. ಅವರ ಮುಖದಲ್ಲಿ ನಗು ಇತ್ತು. ಇಂಚರಳ ಎದೆ ಉಬ್ಬಿತು.

ಎರಡನೆಯ ಸಾಲಿನ ಕೊನೆಯಲ್ಲಿ ಒಬ್ಬ ತಾಯಿ ತನ್ನ ಕೂಸನ್ನು ಪಕ್ಕದಲ್ಲಿ ಮಲಗಿಸಿ ಮೇಲೆ ಶಾಲು ಹೊದಿಸಿದ್ದಳು. ಕೂಸು ನಿದ್ದೆಯಲ್ಲಿ ಹೊರಳಿ ಗಾಡಿಯ ದಾರಿಗೆ ಬಂದಿತ್ತು. ತಾಯಿ ಪಕ್ಕದವರ ಜೊತೆ ಮಾತಾಡುತ್ತಿದ್ದಳು.

ಗಾಡಿ ನಿಲ್ಲಲಿಲ್ಲ.

ಮುಬಾರಕನ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ಎದುರಿಗಿರುವುದು ಏನೆಂದು ಗಾಡಿ ಮಾಡಿದ ಅಂದಾಜು ಅಲ್ಲಿ ನೂರಕ್ಕೆ ಇಷ್ಟೆಂದು ಮೂಡಿತ್ತು. ಬಟ್ಟೆ, ಐವತ್ತೆರಡು. ಮಗು, ನಲವತ್ತೆಂಟು.

ಅವನು ಹಾರಿ ಬಂದು ಗಾಡಿಗೆ ಅಡ್ಡ ಬಿದ್ದ. ಗಾಡಿ ಪಕ್ಕಕ್ಕೆ ವಾಲಿತು. ಸಾರು ಅವನ ಬಲಗಾಲಿನ ಮೇಲೆ ಸುರಿಯಿತು.

ಕೂಸಿಗೆ ಒಂದು ಹನಿಯೂ ತಾಗಲಿಲ್ಲ.

ಮೇಷ್ಟ್ರು ಬರುವ ಹೊತ್ತಿಗೆ ಮುಬಾರಕ್ ಕಾಲನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು ಕೂತಿದ್ದ. ಆಶ್ರಮದ ಡಾಕ್ಟರು ನೋಡಿ, ಪಾದಕ್ಕೆ ಬೊಬ್ಬೆ ಬಂದಿದೆ, ಎರಡು ವಾರದಲ್ಲಿ ವಾಸಿಯಾಗುತ್ತೆ ಎಂದಿದ್ದರು.

ಇಂಚರ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು.

"ಬಿಸಿ ಸಾರು ತುಂಬಿಸಿದ್ದು ನಾನೇ ಮೇಷ್ಟ್ರೇ."

"ಗೊತ್ತಾಯ್ತು. ಗೇಟಿನವರೆಗೂ ಒಗ್ಗರಣೆ ವಾಸನೆ ಬರ್ತಿದೆ."

"ಈ ಗಾಡಿ ಬೇಡ. ನಾಳೆ ಬಿಚ್ಚಿ ಹಾಕ್ತೀನಿ."

"ಬಿಚ್ಚೋದು ನಾಳೆ ತಾನೇ? ಮೊದಲು ಊಟದ ಮನೆ ನೆಲ ಒರೆಸಿ ಬಾ."

ಅವಳು ಹೋಗಿ ನೆಲ ಒರೆಸಿದಳು. ಆ ತಾಯಿಯನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದಳು. ಆಕೆ ಕೂಸನ್ನು ಎದೆಗೆ ಅವುಚಿಕೊಂಡಿದ್ದಳು. "ಆ ಹುಡುಗ ಚೆನ್ನಾಗಿರಲಿ ಕಣವ್ವ," ಎಂದಳಷ್ಟೆ. ಕೂಸು ಇನ್ನೂ ನಿದ್ದೆ ಮಾಡುತ್ತಲೇ ಇತ್ತು.

ಇಂಚರ ಮುಬಾರಕನ ಬಳಿ ಬಂದಳು. "ತಪ್ಪು ನಂದು."

"ಹೂಂ, ನಿಂದೇ," ಎಂದ ಮುಬಾರಕ್. "ಆ ಸ್ಟೂಲು ಈ ಕಡೆ ತಳ್ಳು, ಕಾಲಿಡಬೇಕು."

ಸಂಜೆ ಮೇಷ್ಟ್ರು ಅವಳನ್ನು ಕೂರಿಸಿಕೊಂಡು ಕೇಳಿದರು.

"ಗಾಡಿ ಏನು ಹೇಳಿತ್ತು?"

"ಬಟ್ಟೆ ಅಂತ. ಐವತ್ತೆರಡು. ಮಗು ನಲವತ್ತೆಂಟು."

"ಐವತ್ತೆರಡು ಬಂದರೆ ಹೋಗು ಅಂತ ಹೇಳಿಕೊಟ್ಟವರು ಯಾರು?"

"ಯಾವುದು ಜಾಸ್ತಿಯೋ ಅದನ್ನ ನಂಬು ಅಂತ ನಾನೇ ಬರೆದಿದ್ದೆ."



"ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ನೀನು ಏನು ಮಾಡ್ತಿದ್ದೆ?"

"ಏನಾದರೂ ಬರೆದು ಬರ್ತಿದ್ದೆ. ಖಾಲಿ ಬಿಡಬೇಡಿ, ಹತ್ತಿರದ್ದು ಬರೆದರೂ ಒಂದೆರಡು ಮಾರ್ಕ್ಸ್ ಸಿಗುತ್ತೆ ಅಂತ ಸ್ಕೂಲಲ್ಲಿ ಹೇಳ್ತಿದ್ದರು."

"ಸಿಗ್ತಿತ್ತಾ?"

"ಸಿಗ್ತಿತ್ತು."

"ನಿನ್ನ ಗಾಡಿಗೂ ಸಿಕ್ಕಿದೆ. ಐವತ್ತೆರಡು."

ಇಂಚರ ಎದ್ದಳು. ಹೋಗಿ ಪಟ್ಟಿಯನ್ನು ತೆಗೆದಳು. ಕೊನೆಯ ಖಾಲಿ ಗೆರೆಯನ್ನು ನೋಡಿದಳು. ಪೆನ್ಸಿಲ್ ತೆಗೆದುಕೊಂಡು ಅದರ ಮೇಲೆ 'ಗೊತ್ತಿಲ್ಲ' ಎಂದು ಬರೆದಳು.

ಗಾಡಿಯನ್ನು ಅವಳು ಬಿಚ್ಚಲಿಲ್ಲ. ಅದಕ್ಕೆ ಒಂದು ಗಂಟೆ ಕಟ್ಟಿದಳು. ಎದುರಿಗೆ ಇರುವುದು ಏನೆಂದು ಖಚಿತವಾಗಿ ಗೊತ್ತಾಗದಿದ್ದರೆ ಗಾಡಿ ನಿಲ್ಲಬೇಕು, ಗಂಟೆ ಬಾರಿಸಬೇಕು, ಯಾರಾದರೂ ಬಂದು ಹೇಳುವವರೆಗೂ ಕದಲಬಾರದು.

ಗಾಡಿಗೆ ಮತ್ತೆ ತಣ್ಣೀರು ತುಂಬಿದರು. ಪಂಕ್ತಿಗೆ ಕುಡಿಯುವ ನೀರು ಬಡಿಸುವ ಕೆಲಸ ಕೊಟ್ಟರು.

ಮೊದಲ ದಿನ ಗಂಟೆ ನಲವತ್ತೊಂದು ಸಲ ಬಾರಿಸಿತು.

ಚಪ್ಪಲಿ ಕಂಡರೆ ಗಂಟೆ. ಕಂಬದ ನೆರಳು ಕಂಡರೆ ಗಂಟೆ. ದಪ್ಪ ಮೀಸೆಯ ಗಾರೆ ಕೆಲಸದವನೊಬ್ಬನ ಮುಂದೆ ನಿಂತು ಎರಡು ಸಲ ಗಂಟೆ. ಊಟದ ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅಯ್ಯೋ, ಇದಕ್ಕೆ ಏನೂ ಗೊತ್ತಿಲ್ಲ ಕಣ್ರೋ!"

ಇಂಚರಳ ಮುಖ ಕೆಂಪಾಯಿತು. ಮೇಷ್ಟ್ರ ಬಳಿಗೆ ಬಂದಳು.

"ಎಲ್ಲರೂ ನಗ್ತಿದಾರೆ."

"ಯಾರಾದರೂ ಸುಟ್ಟುಕೊಂಡರಾ?"

"ಇಲ್ಲ."

"ಮತ್ತೆ ನಗಲಿ ಬಿಡು. ಉಂಡಿದ್ದು ಅರಗುತ್ತೆ."

ದಿನ ಕಳೆದಂತೆ ಒಂದು ವಿಚಿತ್ರ ಆಯಿತು. ಗಂಟೆ ಬಾರಿಸಿದರೆ ಜನ ತಾವೇ ಏಳತೊಡಗಿದರು. ಹೂ ಮಾರುವ ಲಕ್ಷ್ಮೀದೇವಮ್ಮ ಎಂಜಲು ಕೈಯನ್ನು ಹಿಂದಕ್ಕೆ ಮಡಚಿಕೊಂಡು ಗಾಡಿಯ ಹತ್ತಿರ ಬಂದು, "ಅದು ನನ್ನ ಹೂವಿನ ಬುಟ್ಟಿ ಕಣಪ್ಪ. ತೆಗೀತೀನಿ ತಾಳು," ಎಂದು ಹೇಳುತ್ತಿದ್ದರು. ಯಂತ್ರದ ಜೊತೆ ಮಾತಾಡುತ್ತಿದ್ದೇನೆ ಎಂಬ ಸಂಕೋಚ ಅವರಿಗೆ ಇರಲಿಲ್ಲ. ಮುಬಾರಕ್ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಅವರು ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಸೇರಿಸುತ್ತಿದ್ದ.

ನಲವತ್ತೊಂದು ಇಪ್ಪತ್ತಾಯಿತು. ಇಪ್ಪತ್ತು ಎಂಟಾಯಿತು.

ಇಂಚರಳೂ ಬದಲಾಗುತ್ತಿದ್ದಳು. ಒಮ್ಮೆ ಕಾಲೇಜಿನಿಂದ ಪರೀಕ್ಷೆ ಮಾಡಲು ಬಂದವರು ಕೇಳಿದರು, "ಗಾಡಿಯನ್ನು ಒಂದು ತಿಂಗಳು ಬಿಸಿಲಲ್ಲಿ ನಿಲ್ಲಿಸಿದರೆ ಕ್ಯಾಮೆರಾ ಏನಾಗುತ್ತೆ?"

"ಗೊತ್ತಿಲ್ಲ ಸಾರ್," ಎಂದಳು ಇಂಚರ. "ನಿಲ್ಲಿಸಿ ನೋಡಿ ಹೇಳ್ತೀನಿ."

ಹಾಗೆ ಹೇಳಿದ್ದು ಅವಳ ಜೀವನದಲ್ಲಿ ಅದೇ ಮೊದಲು. ಅವರು ಎರಡು ಮಾರ್ಕ್ಸ್ ಕಳೆದರು. ಅವಳಿಗೆ ಅಂದುಕೊಂಡಷ್ಟು ಬೇಜಾರಾಗಲಿಲ್ಲ. ಹಗುರವಾಗಿ ನಡೆದುಕೊಂಡು ಶೆಡ್ಡಿಗೆ ಬಂದಳು.

ಒಂದು ಬೆಳಿಗ್ಗೆ ಮೇಷ್ಟ್ರೇ ಅಡುಗೆಮನೆಗೆ ಬಂದರು. "ಇವತ್ತು ಸಾರು ತುಂಬಿಸಿ," ಎಂದರು. ಪಂಕ್ತಿಯ ಮೊದಲನೆಯ ಎಲೆಗೆ ತಾವೇ ಹೋಗಿ ಕೂತರು.

ಗಾಡಿ ಹೊರಟಿತು. ಇಂಚರ ಅದರ ಪಕ್ಕದಲ್ಲೇ ನಡೆದಳು. ಅವತ್ತು ಗಂಟೆ ನಾಲ್ಕು ಸಲ ಬಾರಿಸಿತು. ನಾಲ್ಕು ಸಲವೂ ಯಾರೋ ಎದ್ದು ಬಂದು ಹೇಳಿದರು. ಸಾರು ಒಂದು ಹನಿಯೂ ಚೆಲ್ಲದೆ ಕೊನೆಯ ಎಲೆಯವರೆಗೂ ಬಿಸಿಯಾಗಿಯೇ ಹೋಯಿತು. ಗೌರಕ್ಕ ಸೌಟು ಕೆಳಗಿಟ್ಟು, ಗಾಡಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದರು.

ಅಲ್ಲಿಂದ ಗಾಡಿ ದಿನವೂ ಓಡಿತು. ಗೌರಕ್ಕನ ಮಣಿಕಟ್ಟಿನ ಊತ ಇಳಿಯಿತು. ಮುಬಾರಕನ ಕಾಲು ವಾಸಿಯಾಗಿ, ಪಾದದ ಮೇಲೆ ತಿಳಿಬಣ್ಣದ ಕಲೆಯೊಂದು ಉಳಿಯಿತು.

ವರ್ಷದ ಕೊನೆಯ ವಾರ. ಊಟ ಮುಗಿಯುತ್ತಿದ್ದಂತೆ ಇಂಚರ ನದಿಯ ಕಡೆಗೆ ಓಡಿ ಬಂದಳು. ಮೇಷ್ಟ್ರು ಕಲ್ಲಿನ ಮೇಲೆ ಪಂಚೆ ಒಗೆಯುತ್ತಿದ್ದರು.

"ಮೇಷ್ಟ್ರೇ, ಇವತ್ತು ಗಂಟೆ ಬಾರಿಸಲೇ ಇಲ್ಲ! ನೂರು ಎಲೆ, ಒಂದು ಸಲವೂ ಇಲ್ಲ!"

ಮೇಷ್ಟ್ರ ಮುಖ ಅರಳಿತು. "ಭೇಷ್. ಗೌರಕ್ಕ ಏನಂದರು?"

"ಒಬ್ಬಟ್ಟು ಮಾಡ್ತೀನಿ ಅಂದಿದಾರೆ. ಮುಬಾರಕ್ ಆಗಲೇ ಹೋಗಿ ಒಲೆ ಮುಂದೆ ಕೂತಿದಾನೆ."

"ನಡಿ, ನಾನೂ ಬಂದೆ."

ಮೇಷ್ಟ್ರು ಪಂಚೆ ಹಿಂಡಿದರು. ಒಂದು ತುದಿ ಇಂಚರ ಹಿಡಿದುಕೊಂಡಳು. ಇಬ್ಬರೂ ಸೇರಿ ಒದರಿ ಬಂಡೆಯ ಮೇಲೆ ಹರವಿದರು.

"ಮೇಷ್ಟ್ರೇ, ಹೀಗೇ ಕಲೀತಾ ಕಲೀತಾ ಒಂದು ದಿನ ಗಾಡಿಗೆ ಎಲ್ಲಾ ಗೊತ್ತಾಗಿಬಿಟ್ಟರೆ? ಇನ್ನು ಗಂಟೆಯೇ ಬೇಡ ಅನ್ನೋ ಹಾಗೆ ಆದರೆ?"

ಮೇಷ್ಟ್ರು ಕೈ ಒರೆಸಿಕೊಂಡು ಅವಳನ್ನು ನೋಡಿ ನಕ್ಕರು.

"ಅವತ್ತು ಮೊದಲು ಮಕ್ಕಳನ್ನ ಪಂಕ್ತಿಯಿಂದ ಎಬ್ಬಿಸಿಬಿಡು, ತಾಯಿ."