ಹಟದವ್ವನ ಗುಡ್ಡ

ನೂಲಗೇರಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ಮುಖ ಮಾಡಿದರೆ ಕೆಂಪು ಕಲ್ಲಿನ ಗುಡ್ಡವೊಂದು ಕಾಣುತ್ತದೆ. ಅದೇ ಹಟದವ್ವನ ಗುಡ್ಡ. ನೆತ್ತಿಯ ಮೇಲೆ ಬನಶಂಕರಿಯ ಸಣ್ಣ ಗುಡಿ, ಗುಡಿಯ ಎದುರಿಗೆ ಎಮ್ಮೆ ಮಲಗುವಷ್ಟು ಅಗಲದ ಹಾಸುಗಲ್ಲು. ಈಗೀಗ ಎಲ್ಲೆಲ್ಲಿಂದಲೋ ಜನ ತಮ್ಮ ಹಟಮಾರಿ ಮಕ್ಕಳನ್ನು ಎಳೆತಂದು ಆ ಕಲ್ಲಿನ ಮೇಲೆ ಕೂರಿಸುತ್ತಾರೆ. ಕೂರಿಸಿದರೆ ಹಟ ಇಳಿಯುತ್ತದಂತೆ. ಹೋದ ವರ್ಷ ಒಬ್ಬ ಮಹಾರಾಯ ಕಾರಿನಲ್ಲಿ ಹೆಂಡತಿಯನ್ನೇ ಕರೆತಂದಿದ್ದ. ಅದು ಹಟ ಇಳಿಸುವ ಕಲ್ಲಲ್ಲ, ಒಬ್ಬಳು ಹಟ ಹಿಡಿದು ಕುಳಿತ ಕಲ್ಲು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇನ್ನೊಮ್ಮೆ ಹೇಳುತ್ತೇನೆ, ಕೇಳುವವರು ಕೇಳಲಿ.

ಹಿಂದೆ ಒಮ್ಮೆ, ಈ ಊರೆಂದರೆ ನೇಕಾರರ ಒಂದೇ ಓಣಿ ಎನ್ನುವಂತಿದ್ದ ಕಾಲದಲ್ಲಿ, ಶುಕ್ರವಾರಕ್ಕೊಮ್ಮೆ ದೇವಿಯ ದರ್ಶನ ತಪ್ಪಬಾರದೆಂಬ ನೇಮವಿತ್ತು. ಮಗ್ಗ ಬಿಟ್ಟು ಓಣಿಗೆ ಓಣಿಯೇ ಗುಡ್ಡ ಹತ್ತಿದರೆ ಹೊಟ್ಟೆಗೇನು ಗತಿ? ಅದಕ್ಕೆ ಹಿರಿಯರು ಪಾಳಿ ಹಚ್ಚಿದರು ಎನ್ನುತ್ತಾರೆ, ವಾರಕ್ಕೊಂದು ಮನೆ. ಪಾಳಿಯವರು ಬೆಳಿಗ್ಗೆ ಮನೆಮನೆಯ ಮುಂದೆ ನಿಂತು ಯಾರಿಗಾಗಿ ಏನು ಬೇಡಬೇಕೆಂದು ಕೇಳಿಕೊಂಡು, ಮರೆಯದಂತೆ ಮನೆಗೊಂದು ಗಂಟನ್ನು ಸೆರಗಿಗೆ ಹಾಕಿಕೊಂಡು ಹತ್ತಬೇಕು. ದೇವಿಯ ಎದುರು ಒಂದೊಂದೇ ಗಂಟು ಬಿಚ್ಚುತ್ತ ಒಬ್ಬೊಬ್ಬರ ಹೆಸರು ಹೇಳಬೇಕು. ಕಟ್ಟಳೆಯೊಂದಿತ್ತು: ಹತ್ತಿದವರು ತಮ್ಮ ಮನೆಯದನ್ನು ತಾವೇ ಬೇಡಬಾರದು. ಅದನ್ನು ಮುಂದಿನ ವಾರದವರು ಬೇಡುತ್ತಾರೆ. ಅವಸರವಿದ್ದರೆ ಅಂದೇ ಓಣಿಯ ಇನ್ನೊಬ್ಬರು ಜೊತೆಗೆ ಹತ್ತಿ ಬೇಡುತ್ತಾರೆ. ತನ್ನದನ್ನು ನೆನೆಯಲು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮಂದಿಯದನ್ನು ನೆನೆಯಬೇಕಾದರೆ ಮಾತ್ರ ಮನುಷ್ಯನಿಗೆ ಗಂಟು ಬೇಕು ಎಂಬುದು ಆ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಶುಕ್ರವಾರ ಪಾಳಿ ಬಾಳವ್ವನಿಗೆ ಬಂತು. ಓಣಿಯ ತುಂಬ ಓಡಾಡಿಕೊಂಡಿದ್ದ ಅವಳ ಒಬ್ಬಳೇ ಮಗಳು ಜ್ವರ ಬಂದು ಕಣ್ಣು ತೆರೆಯದೆ ಮಲಗಿದ್ದಳು. ಔಷಧಿ ಕೊಟ್ಟವರು ಇನ್ನು ದೇವರೇ ಗತಿಯೆಂದು ಕೈ ಚೆಲ್ಲಿದ್ದರು. ಈ ವಾರ ಯಾರಾದರೂ ಪಾಳಿ ಬದಲಿಸಿಕೊಳ್ಳಿರೆಂದು ಬಾಳವ್ವ ಕೇಳಿದಳು. ಒಬ್ಬರ ಮಗ್ಗಕ್ಕೆ ಅಂದೇ ಹೊಸ ಹಾಸಿನ ನೂಲು ಏರಿತ್ತು, ಇನ್ನೊಬ್ಬರ ಮನೆಗೆ ಬೀಗರು ಬರುವವರಿದ್ದರು, ಮತ್ತೊಬ್ಬಳು ಆಗತಾನೆ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು. ಓಣಿಯ ಹಿರಿಯ ಗುರಸಿದ್ದಪ್ಪ “ಪಾಳಿ ಅಂದ್ರ ಪಾಳಿ, ಬಾಳವ್ವಾ” ಎಂದು ಮಾತು ಮುಗಿಸಿದ. ಅವಳು ಮಗಳನ್ನು ಗಂಡನ ತೊಡೆಯ ಮೇಲೆ ಮಲಗಿಸಿ ಹೊರಬಿದ್ದಳು. ಆಗ ನೋಡಿ, ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಒಬ್ಬರ ಎಮ್ಮೆ ಹಾಲು ಕೊಡುತ್ತಿರಲಿಲ್ಲ. ಒಬ್ಬಳಿಗೆ ಸೊಸೆಯ ಬಾಯಿ ಸ್ವಲ್ಪ ಕಡಿಮೆಯಾಗಬೇಕಾಗಿತ್ತು. ಗುರಸಿದ್ದಪ್ಪನಿಗೆ ಮೊಣಕಾಲು ನೋವು. ಎಲ್ಲರೂ “ಮರೀಬ್ಯಾಡ ಮತ್ತ” ಎಂದರು. ನಿನ್ನ ಮಗಳ ಸಲುವಾಗಿ ನಾನೂ ಬರುತ್ತೇನೆ ನಡಿ ಎಂದು ಒಬ್ಬರೂ ಅನ್ನಲಿಲ್ಲ. ಕೆಟ್ಟ ಜನರೇನಲ್ಲ ಅವರು. ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ. ನನಗೆ ಹೆಚ್ಚು ಸಿಟ್ಟು ಬರುವುದೇ ಅದಕ್ಕೆ.

ಬಾಳವ್ವ ಗುಡ್ಡ ಹತ್ತಿ ಎಲ್ಲ ಗಂಟುಗಳನ್ನೂ ಬಿಚ್ಚಿದಳು, ಎಮ್ಮೆಯದನ್ನೂ ಬಿಡಲಿಲ್ಲ. ಆಮೇಲೆ ಹೊರಗೆ ಬಂದು ಆ ಹಾಸುಗಲ್ಲಿನ ಮೇಲೆ ಕುಳಿತವಳು ಏಳಲೇ ಇಲ್ಲ. ಗುಡಿಯ ಪೂಜಾರಿ ಕನಿಕರದಿಂದ ಹತ್ತಿರ ಬಂದು, “ನಿನ್ನ ಮಗಳದೂ ಒಂದು ಮಾತು ಹೇಳಿಬಿಡಬೇ, ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ” ಎಂದ.

“ಇವತ್ತ ನಾ ಕೇಳಿದ್ರ ನಾಳೆ ಎಲ್ಲಾರೂ ತಮ್ಮ ತಮ್ಮದ ಕೇಳ್ತಾರ. ಆಮ್ಯಾಲ ಪಾಳಿ ಯಾಕ ಬೇಕ್ರಿ? ಓಣ್ಯಾಗಿನವರು ಒಬ್ಬರಾದ್ರೂ ಬಂದು ನನ್ನ ಮಗಳ ಹೆಸರು ಹೇಳಲಿ. ಅಲ್ಲೀತನಕ ನಾ ಏಳೂದಿಲ್ಲ” ಎಂದಳು ಬಾಳವ್ವ. ಹೆತ್ತವಳು ಅಂಥ ಹೊತ್ತಿನಲ್ಲಿ ಕಟ್ಟಳೆ ಹಿಡಿದು ಕೂರುವುದೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಆದರೆ ಊರಿಗೆ ಊರೇ ಮರೆತಾಗ ಹಟ ಹಿಡಿಯುವುದು ಬಿಟ್ಟರೆ ಬಡಪಾಯಿಗೆ ಬೇರೆ ದಾರಿ ಯಾವುದಿತ್ತು?

ಹೊತ್ತು ಇಳಿಯಿತು. ಕೆಳಗೆ ಓಣಿಯಲ್ಲಿ ಜನಕ್ಕೆ ಕಡೆಗೂ ನೆನಪಾದದ್ದು ಬಾಳವ್ವನಲ್ಲ, ಪ್ರಸಾದ. ಇನ್ನೂ ಬರಲಿಲ್ಲವೆಂದು ಗೊಣಗಾಡಿ, ಕೊನೆಗೆ ಗುರಸಿದ್ದಪ್ಪನೇ ಆ ಮೊಣಕಾಲನ್ನು ಎಳೆದುಕೊಂಡು, ದಾರಿಯುದ್ದಕ್ಕೂ ಬೈಯುತ್ತ ಮೇಲೆ ಬಂದ.

“ಮನ್ಯಾಗ ಮಗಳಿಗೆ ಜ್ವರ, ನೀ ಇಲ್ಲಿ ಆರಾಮ ಕುಂತೀಯೇನ?”

“ಆಕಿಗೆ ಜ್ವರ ಅಂತ ನಿಮಗ ನೆನಪೈತೇನ್ರಿ ಯಜ್ಜಾ? ಹಂಗಾರ ಒಳಗ ಹೋಗಿ ಆಕಿ ಹೆಸರು ಹೇಳಿ ಕೈ ಮುಗೀರಿ.”

ಅದೇನು ದೊಡ್ಡ ಮಾತು ಎಂದು ಗುರಸಿದ್ದಪ್ಪ ಒಳಗೆ ಹೋಗಿ ಕೈ ಮುಗಿದು ಬಾಯಿ ತೆರೆದ. ಹೆಸರು ಬರಲಿಲ್ಲ. ಅವನ ಮಗ್ಗದ ಕುಣಿಯ ಬದಿಯಲ್ಲೇ ಕೂತು ನೂಲಿನ ಚೂರುಗಳಲ್ಲಿ ಆಡಿ ಬೆಳೆದ ಹುಡುಗಿ, ಅವನ ಪಾಲಿಗೆ ಯಾವತ್ತೂ ‘ಬಾಳವ್ವನ ಹುಡುಗಿ’ ಮಾತ್ರ. ಅವನು ಹಾಗೆಯೇ ಹೊರಗೆ ಬಂದು, ಕಲ್ಲಿನ ಹತ್ತಿರ ತಲೆ ಬಗ್ಗಿಸಿ ನಿಂತು, “ಏನವ್ವಾ ಆಕಿ ಹೆಸರು?” ಎಂದು ಕೇಳಿದನಂತೆ. ಬೆಳಗಿನಿಂದ ಕಣ್ಣೀರು ಹಾಕದಿದ್ದ ಬಾಳವ್ವ ಆಗ ಅತ್ತಳು. ಅಳುತ್ತಲೇ “ಹಂಪವ್ವ” ಎಂದಳು. ಅವನು ಹಂಪವ್ವನಿಗಾಗಿ ಬೇಡಿಕೊಂಡ; ತನ್ನ ಮೊಣಕಾಲನ್ನು ಮರೆತೇಬಿಟ್ಟ. ಹಂಪವ್ವ ಬದುಕಿದಳು, ಓಣಿಯ ತುಂಬ ಮೊಮ್ಮಕ್ಕಳನ್ನು ಕಂಡಳು ಎನ್ನುತ್ತಾರೆ.

ಅಂದಿನಿಂದ ಪಾಳಿಯ ಪದ್ಧತಿಗೆ ಒಂದು ಮಾತು ಸೇರಿತು. ತಮ್ಮದನ್ನು ಹೇಳುವ ಮೊದಲು ಮನೆಯವರು ಪಾಳಿಯವರನ್ನು “ನಿಮ್ಮ ಮನ್ಯಾಗ ಯಾರಿಗೇನು?” ಎಂದು ಕೇಳಬೇಕು. ಕೇಳದಿದ್ದರೆ ಪಾಳಿಯವರು ಆ ಮನೆಯ ಕಟ್ಟೆಯ ಮೇಲೆ ಕುಳಿತುಬಿಡುತ್ತಾರೆ, ಯಾಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ನಮ್ಮ ಓಣಿಗೆ ಬಂದರೆ ನೀವೂ ನೋಡಬಹುದು, ಯಾರಾದರೊಬ್ಬರು ಯಾರದಾದರೊಂದು ಕಟ್ಟೆಯ ಮೇಲೆ ಕುಳಿತೇ ಇರುತ್ತಾರೆ. ದಣಿವಾರಿಸಿಕೊಳ್ಳುತ್ತಿದ್ದಾರೆಂದು ಪರವೂರಿನವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕಳೆದ ಶುಕ್ರವಾರ ಪಾಳಿ ನಮ್ಮ ಮನೆಯದು. ನನ್ನ ಹೆಂಡತಿ ಹಾಸಿಗೆ ಹಿಡಿದು ಒಂದು ಮಳೆಗಾಲವೇ ಕಳೆದಿದೆ. ನನ್ನ ಸೊಸೆ ಎದುರು ಮನೆಯ ಕಟ್ಟೆಯ ಮೇಲೆ ಮಧ್ಯಾಹ್ನದ ತನಕ ಕುಳಿತಿದ್ದಳು. ಅವರು ಎರಡು ಸಲ ಚಹಾ ಕೊಟ್ಟರು. ಕೇಳಲಿಲ್ಲ.