ತಂತಿಯ ಮೇಲಿನ ಮಿಂಚುಳ್ಳಿ

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ಅಲ್ಲಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜ ಎಂದೇ ಕರೆಯುತ್ತಿದ್ದರು.

ಅಜ್ಜನ ಶಿಷ್ಯ ಮಹಾಂತೇಶ. ಮಠಕ್ಕೆ ಬರುವ ಮೊದಲು ಅವನು ಒಂದು ಬ್ರೌಸರ್ ಕಟ್ಟುವ ತಂಡದಲ್ಲಿದ್ದ. ಬ್ರೌಸರಿನ ಹೆಸರು ಮಿಂಚುಳ್ಳಿ. ಕಂಪನಿಯವರು ಒಂದು ದಿನ ಅದನ್ನು ನಿಲ್ಲಿಸಿಬಿಟ್ಟರು. ಮಹಾಂತೇಶ ಎಲ್ಲವನ್ನೂ ಬಿಟ್ಟು ಬಂದ.

ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಮಠದ ಕಂಪ್ಯೂಟರಿನಲ್ಲಿ ಮಿಂಚುಳ್ಳಿಯನ್ನು ತಂದು ಕೂರಿಸಿದ್ದೂ ಅವನೇ.

ಸಂಜೆಯಾದರೆ ಅದರದೇ ಮಾತು.

"ಹಳೇ ಕಂಪ್ಯೂಟರ್ ಇದ್ದೋರ ಸಲುವಾಗಿ ಕಟ್ಟಿದ್ವಿರಿ ಅಜ್ಜಾರ. ಪುಟ ಬರೂತನಕ ತಂತಿ ಮ್ಯಾಲ ಒಂದು ಮಿಂಚುಳ್ಳಿ ಕುಂತಿರತಿತ್ತು. ಅದರ ಚಿತ್ರಾ ಬರದಾಂವ ನಾನ."

"ಪುಟ ಬಂದ ಮ್ಯಾಲ?"

"ಬುಳಕ್ಕಂತ ಮುಳುಗಿ ಮಾಯ ಆಗತಿತ್ತು. ಓದೋರಿಗೆ ಪುಟ ಕಾಣಬೇಕು, ನಾವು ಕಾಣಬಾರದು. ನಮ್ಮ ತಂಡದಾಗ ಅದೊಂದ ನೇಮ ಇತ್ತರಿ."

"ಚಲೋ ನೇಮ," ಎಂದರು ಅಜ್ಜ.

ಮರುದಿನವೂ ಅದೇ ಕಥೆ. ಅಜ್ಜ ಮತ್ತೆ "ಚಲೋ ನೇಮ" ಎನ್ನುವರು. ಮಠದ ಬೆಕ್ಕಿಗೂ ಅದು ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ಕಾಶವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಮಠಕ್ಕೆ ಬಂದವರಿಗೆಲ್ಲ ರೊಟ್ಟಿ ಬಡಿಯುವವಳು ಅವಳೇ.

"ಯಪ್ಪಾ, ನನ್ನ ಮೊಮ್ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕೈತಿ. ಇವತ್ತ ಸಂಜೀ ಒಳಗ ಕಂಪ್ಯೂಟರಿನಾಗ ಒಪ್ಪಿಗಿ ಒತ್ತಬೇಕಂತ. ಇಲ್ಲಂದ್ರ ಬ್ಯಾರೇದೋರಿಗೆ ಕೊಡ್ತಾರಂತ. ಹುಡುಗಿ ಜ್ವರಾ ಬಂದು ಮಲಗ್ಯಾಳ."

"ಕುಂಡ್ರ ಬೇ ಯವ್ವಾ. ಒಂದ ನಿಮಿಷದ ಕೆಲಸ."

ಮಹಾಂತೇಶ ಮಿಂಚುಳ್ಳಿ ತೆರೆದ. ಹಕ್ಕಿ ತಂತಿಯ ಮೇಲೆ ಬಂದು ಕೂತಿತು. ಕೂತೇ ಇತ್ತು.

ಪುಟ ಈ ಕಾಲದ್ದು, ಬ್ರೌಸರ್ ಆ ಕಾಲದ್ದು. ಮಹಾಂತೇಶನಿಗೆ ಇದು ಗೊತ್ತಿತ್ತು. ಕಂಪ್ಯೂಟರಿನ ಜೊತೆಗೇ ಬಂದ ಇನ್ನೊಂದು ಬ್ರೌಸರ್ ಪರದೆಯ ಮೂಲೆಯಲ್ಲಿ ಇರುವುದೂ ಗೊತ್ತಿತ್ತು. ಅದರ ಮೇಲೆ ಒತ್ತಲು ಅವನಿಗೆ ಮನಸ್ಸು ಬರಲಿಲ್ಲ. ಮಿಂಚುಳ್ಳಿಯ ಹೊಟ್ಟೆ ಬಿಚ್ಚಿ ರಿಪೇರಿಗೆ ಕೂತ.

"ಆತೇನಪಾ?"

"ಆತು ಬೇ. ಇನ್ನೊಂದೀಟು."

ಮಧ್ಯಾಹ್ನವಾದರೂ ಪ್ರಸಾದದ ಗಂಟೆ ಕೇಳಿಸಲಿಲ್ಲ. ಪಂಕ್ತಿಗೆ ಕೂತವರು ಮುಖ ಮುಖ ನೋಡಿಕೊಂಡರು.

ಅಜ್ಜ ಬಾಗಿಲಿಗೆ ಬಂದು ನಿಂತರು. ಕಾಶವ್ವನನ್ನು ನೋಡಿದರು. ಪರದೆಯನ್ನು ನೋಡಿದರು. ಹೊರಳಿ ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಹೊಗೆ ಬಂತು. ಹೊಗೆಯ ಹಿಂದೆ ಅಜ್ಜ ಬಂದರು. ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲೊಂದು ರೊಟ್ಟಿ. ಒಂದು ಮಗ್ಗುಲು ಮಸಿ, ಇನ್ನೊಂದು ಮಗ್ಗುಲು ಹಸಿ ಹಿಟ್ಟು.

"ಯಾರು ಬಡದದ್ದರಿ ಇದು?" ಎಂದ ಮಹಾಂತೇಶ.

"ನಾನ."

"ನೀವ್ಯಾಕ ಬಡಿಯಾಕ ಹೋದ್ರಿ?"

"ಬಡಿಯಾಕಿ ಇಲ್ಲಿ ನಿನ್ನ ಹಕ್ಕಿ ಕಾಯ್ಕೊಂತ ಕುಂತಾಳ."

"ಇನ್ನೊಂದು ಸಾಲು ತಿದ್ದಿದ್ರ ಪುಟ ಬರತೈತ್ರಿ ಅಜ್ಜಾರ."

"ಬರಲಿ. ಅಲ್ಲೀತನಕ ಮಂದಿಗೆ ನಾನ ರೊಟ್ಟಿ ಬಡೀತೀನಿ. ತಿನ್ನು."

ಮಹಾಂತೇಶ ಒಂದು ತುಣುಕು ಬಾಯಿಗೆ ಹಾಕಿಕೊಂಡ. ನುಂಗಲಾಗಲಿಲ್ಲ. ತಲೆ ಎತ್ತಿ ಕಾಶವ್ವನ ಕಡೆ ನೋಡಿದ. ಅವಳು ಹಕ್ಕಿಯನ್ನು ನೋಡುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅವನಿಗೆ ತುಂಬಾ ನಾಚಿಕೆಯಾಯಿತು.

ಮಿಂಚುಳ್ಳಿಯನ್ನು ಮುಚ್ಚಿ ಮೂಲೆಯ ಬ್ರೌಸರ್ ತೆರೆದ. ಬಾಯಲ್ಲಿದ್ದ ರೊಟ್ಟಿ ಗಂಟಲಿಗೆ ಇಳಿಯುವ ಮೊದಲೇ ಪುಟ ಬಂತು. ಕಾಶವ್ವ ತಂದಿದ್ದ ಚೀಟಿ ನೋಡಿ ಮೊಮ್ಮಗಳ ಅರ್ಜಿ ನಂಬರು ತುಂಬಿದ.

"ಇಲ್ಲಿ ಒತ್ತು ಬೇ."

ಕಾಶವ್ವ ಒತ್ತಿದಳು. ಸೀಟು ಖಚಿತವಾಗಿದೆ ಎಂದು ಹಸಿರು ಅಕ್ಷರ ಮೂಡಿತು. ಅವಳು ಪರದೆಯನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು. "ನಿನ್ನ ಹೊಟ್ಟಿ ತಣ್ಣಗಿರಲಿ ಯಪ್ಪಾ" ಎಂದವಳೇ ಅಡುಗೆಮನೆಗೆ ಓಡಿದಳು. ಅದು ಯಾವ ಬ್ರೌಸರ್ ಎಂದು ಕೇಳಲಿಲ್ಲ.

ಸಂಜೆ ಮಹಾಂತೇಶ ಮಿಂಚುಳ್ಳಿಯನ್ನು ಕಂಪ್ಯೂಟರಿನಿಂದ ತಾನೇ ಅಳಿಸಿದ. ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತ. ಅಜ್ಜ ಬಂದು ಪಕ್ಕದಲ್ಲಿ ಕೂತರು. ಕೈಗೆ ಹತ್ತಿದ್ದ ಮಸಿಯನ್ನು ನೀರಲ್ಲಿ ತೊಳೆಯತೊಡಗಿದರು.

"ನನ್ನ ಹರೇದ ದಿನಾ ಎಲ್ಲಾ ಅದಕ್ಕ ಹಾಕಿದ್ನಿರಿ," ಎಂದ ಮಹಾಂತೇಶ. ಅವನ ಕಣ್ಣಲ್ಲಿ ನೀರಿತ್ತು. "ಈಗ ಅದು ಎಲ್ಲೂ ಇಲ್ಲ. ಯಾರಿಗೂ ಅದರ ನೆನಪಿಲ್ಲ."

"ಅದರಾಗ ಮಂದಿ ಏನು ಓದತಿದ್ರು?"

"ಏನೇನೋ ಓದಿರತಾರ್ರಿ. ಪರೀಕ್ಷಾದ ರಿಸಲ್ಟು, ಮಳಿ ಸುದ್ದಿ, ದೂರದಾಗಿರೋ ತಂಗಿ ಮದವಿ ಫೋಟೋ. ನನಗೇನ ಗೊತ್ತರಿ."

"ಓದಿದ್ರಲ್ಲ?"

"ಓದಿದ್ರರಿ."

ಮಸಿ ಪೂರ್ತಿ ಹೋಗಿರಲಿಲ್ಲ. ಅಜ್ಜ ಕೈಯನ್ನು ಮತ್ತೆ ನೀರಿಗೆ ಇಳಿಬಿಟ್ಟರು.

"ಓದೋರಿಗೆ ಪುಟ ಕಾಣಬೇಕು, ನಾವು ಕಾಣಬಾರದು. ಹಿಂಗ ಅಲ್ಲೇನು ನಿಮ್ಮ ನೇಮ?"

"ಹೌದ್ರಿ ಅಜ್ಜಾರ."

"ಇವತ್ತ ಆ ನೇಮ ಪೂರಾ ಆತು. ಮತ್ಯಾಕ ಅಳ್ತೀ ತಮ್ಮಾ?"